53 ಸ್ಥಾನಗಳ ಸರ್ಕಾರ ಮತ್ತು ನಿನ್ನ ಮತ

‘ನಾರ್ವೆಯ 169 ಸ್ಥಾನಗಳ ಸಂಸತ್ತಿನಲ್ಲಿ 53 ಇಟ್ಟುಕೊಂಡು ಲೇಬರ್ ಪಕ್ಷ ಆಳುವುದು ಹೇಗೆ ಅಕ್ಕಾ? ಸರ್ಕಾರ ಬಿದ್ದರೆ ನಮ್ಮ ಕೆಲಸದ ಪರವಾನಗಿಯ ಗತಿ ಏನು?’ ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದ ಮೇಲೆ ಸಲುಗೆಯಿಂದಲೇ ಬರೆಯುತ್ತೇನೆ.

ಪರವಾನಗಿ ನಿನ್ನ ಕೆಲಸ, ಸಂಬಳಗಳ ಮೇಲೆ ನಿಂತಿದೆ. ಮಂತ್ರಿ ಬದಲಾದ ಮಾತ್ರಕ್ಕೆ ರದ್ದಾಗುವುದಿಲ್ಲ. ನವೀಕರಣದ ದಿನಾಂಕ ಮರೆಯಬೇಡ, ಅಷ್ಟೇ.

ನಾವು ರಾಜ್ಯಪಾಲರ ಗಡುವು, ಬಹುಮತ ಸಾಬೀತು, ರೆಸಾರ್ಟ್ ವಾಸ ನೋಡಿಕೊಂಡು ಬಂದವರು. ನಾರ್ವೆಯಲ್ಲಿ ಹೊಸ ಸರ್ಕಾರ ವಿಶ್ವಾಸಮತ ಕೇಳಬೇಕಾಗಿಯೇ ಇಲ್ಲ. ಸಂಸತ್ತಿನ ಬಹುಮತ ‘ಬೇಡ’ ಎನ್ನುವವರೆಗೆ ನಡೆಯುತ್ತದೆ. ಸಂಸತ್ತನ್ನು ಅವಧಿಗೆ ಮೊದಲು ವಿಸರ್ಜಿಸುವ ಅಧಿಕಾರ ಯಾರಿಗೂ ಇಲ್ಲ. 2025ರ ಜನವರಿಯಲ್ಲಿ ಐರೋಪ್ಯ ಒಕ್ಕೂಟದ ಇಂಧನ ನಿಯಮಗಳ ಜಗಳದಲ್ಲಿ ಮಿತ್ರಪಕ್ಷವಾದ ಸೆಂಟರ್ ಪಕ್ಷ ಸರ್ಕಾರದಿಂದ ಹೊರನಡೆದಾಗ ನೀನು ಇಲ್ಲೇ ಇದ್ದೆಯಲ್ಲ, ಪ್ರಧಾನಿ ಸ್ಟೋರೆ ತಮ್ಮ ಲೇಬರ್ ಪಕ್ಷವೊಂದನ್ನೇ ಕಟ್ಟಿಕೊಂಡು ಮುಂದುವರಿದರು.

ಇದು ಹಳೆಯ ಅಭ್ಯಾಸ. 1945ರಿಂದ 1961ರವರೆಗೆ ಲೇಬರ್ ಪಕ್ಷಕ್ಕೆ ಸ್ವಂತ ಬಹುಮತವಿತ್ತು. ಆಮೇಲೆ ಯಾವ ಪಕ್ಷಕ್ಕೂ ಸಿಕ್ಕಿಲ್ಲ. ಹಾಗೆಂದು ಯಾರೂ ಬೀಳಿಸುವುದಿಲ್ಲವೆಂದಲ್ಲ. 1962ರ ನವೆಂಬರ್‌ನಲ್ಲಿ ಉತ್ತರ ಧ್ರುವದ ಕಡೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಸರ್ಕಾರಿ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 21 ಕಾರ್ಮಿಕರು ಸತ್ತರು. ಮರುವರ್ಷ ಅದರ ಹೊಣೆ ಪ್ರಧಾನಿ ಗೆರ್ಹಾರ್ಡ್‌ಸೆನ್ ಸರ್ಕಾರದ ಮೇಲೆ ಬಂತು. ಲೇಬರ್ 74, ಎದುರು ಪಕ್ಷಗಳು 74. ನಡುವೆ ಇಬ್ಬರೇ ಇಬ್ಬರು ಎಡಪಂಥೀಯ ಸದಸ್ಯರು. ಅವರು ಎದುರು ಪಕ್ಷಗಳ ಜೊತೆ ಮತ ಹಾಕಿದರು, ಸರ್ಕಾರ ಉರುಳಿತು. ನಂತರ ಬಂದ ಯೋನ್ ಲಿಂಗ್ ಸರ್ಕಾರವನ್ನು ನಾಲ್ಕೇ ವಾರಗಳಲ್ಲಿ ಅದೇ ಇಬ್ಬರು ಇಳಿಸಿ ಗೆರ್ಹಾರ್ಡ್‌ಸೆನ್ ಮರಳುವಂತೆ ಮಾಡಿದರು. ಗಣಿ ಕಾರ್ಮಿಕರ ಸಾವಿಗೆ ಸರ್ಕಾರವೊಂದು ತಲೆ ಕೊಟ್ಟ ಈ ದೇಶದ ಮೇಲೆ ನನಗೆ ಅಭಿಮಾನವಿದೆ.

ನಾನು ಬಂದದ್ದು 2005ರ ಅಕ್ಟೋಬರ್‌ನಲ್ಲಿ, ಬೋಂದೆವಿಕ್ ಸರ್ಕಾರ ಹೋಗಿ ಸ್ಟೋಲ್ಟೆನ್‌ಬರ್ಗ್ ಸರ್ಕಾರ ಬಂದ ಹೊತ್ತಿಗೆ. ಭಾಷೆ ತಿಳಿಯದಿದ್ದರೂ ಟಿವಿ ಮುಂದೆ ಕೂತಿದ್ದೆ. ಅರಮನೆಯ ಅಂಗಳದಲ್ಲಿ ಹೊಸ ಮಂತ್ರಿಗಳು ಹೂಗುಚ್ಛ ಹಿಡಿದು ನಿಂತಿದ್ದರು. ಆಮೇಲೆ ಹಳೆಯ ಮಂತ್ರಿಗಳು ಒಬ್ಬೊಬ್ಬರಾಗಿ ಹೊಸಬರಿಗೆ ಕಚೇರಿಯ ಕೀಲಿ ಒಪ್ಪಿಸಿ ಕೈಕುಲುಕಿದರು. ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ, ಒಂದು ದಿನ ಇಲ್ಲಿ ಮತ ಹಾಕಬೇಕು.

ಅದಕ್ಕೆ ತೆತ್ತ ಬೆಲೆಯನ್ನು ನೀನು ಈಗಲೇ ತಿಳಿದಿರಬೇಕು. ಸಂಸತ್ ಚುನಾವಣೆಗೆ ಇಲ್ಲಿನ ಪೌರತ್ವ ಬೇಕು. 2020ರಿಂದ ನಾರ್ವೆ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ನಾನು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಪಡೆದೆ. 2021ರ ಸೆಪ್ಟೆಂಬರ್‌ನಲ್ಲಿ ಮತ ಹಾಕಿದೆ. ಪ್ರಧಾನಿ ಸೋಲ್ಬರ್ಗ್ ಅವರ ಎಂಟು ವರ್ಷಗಳ ಆಡಳಿತ ಮುಗಿಯಿತು. ಸಂತೋಷವೇ ಆಯಿತು. ಆದರೆ 2023ರ ಮೇ 10ರಂದು ಹಾಸನದಲ್ಲಿದ್ದೆ. ಅಮ್ಮನ ಕೈ ಹಿಡಿದು ಸರ್ಕಾರಿ ಶಾಲೆಯ ಮತಗಟ್ಟೆವರೆಗೆ ನಡೆಸಿಕೊಂಡು ಹೋದೆ. ‘ನಿನ್ನ ಚೀಟಿ ಎಲ್ಲಿ?’ ಎಂದು ಸಾಲಿನಲ್ಲಿದ್ದ ಪಕ್ಕದ ಮನೆಯವರು ಕೇಳಿದರು. ಒಸಿಐ ಇದ್ದವರಿಗೆ ಮತವಿಲ್ಲವೆಂದು ಎಲ್ಲರೆದುರು ಹೇಳಬೇಕಾಯಿತು. ಅಮ್ಮ ಬೆರಳಿಗೆ ಶಾಯಿ ಹಾಕಿಸಿಕೊಂಡು ಬರುವವರೆಗೆ ಗೇಟಿನ ಹೊರಗೆ ನಿಂತಿದ್ದೆ. ಆ ಸಂಕಟ ಈಗಲೂ ಆರಿಲ್ಲ. ಪೌರತ್ವದ ಅರ್ಜಿಗೆ ಅವಸರ ಮಾಡಬೇಡ. ಮನೆಯವರೊಡನೆ ಕೂತು ಮಾತಾಡು.

ಸ್ಥಳೀಯ ಚುನಾವಣೆಗೆ ಪೌರತ್ವ ಬೇಡ. ಸತತ ಮೂರು ವರ್ಷ ಇಲ್ಲಿನ ಜನಸಂಖ್ಯಾ ನೋಂದಣಿಯಲ್ಲಿದ್ದರೆ ಸಾಕು. ಮಗುವಿನ ಶಿಶುವಿಹಾರ, ಶಾಲೆ, ಮುದುಕರ ಆರೈಕೆ ಎಲ್ಲ ಪುರಸಭೆಯ ಕೈಯಲ್ಲಿವೆ, ಹಾಗಾಗಿ ಅದನ್ನು ಸಣ್ಣ ಮತವೆಂದು ಬಿಡಬೇಡ. ನೀನು ನೋಂದಾಯಿಸಿಕೊಂಡದ್ದು 2024ರ ಜೂನ್‌ನಲ್ಲಿ. ನಡುವೆ ಹೆಸರು ತೆಗೆಸದಿದ್ದರೆ 2027ರ ಸೆಪ್ಟೆಂಬರ್‌ಗೆ ಅರ್ಹನಾಗುತ್ತೀಯ. ಗೌರಿ ಗಣೇಶ ಹಬ್ಬಕ್ಕೆ ಊರಿಗೆ ಹೊರಡುವುದಿದ್ದರೆ ಆಗಸ್ಟ್‌ನಲ್ಲೇ ಮುಂಗಡವಾಗಿ ಮತ ಹಾಕಿ ಹೋಗಬಹುದು.