ಸಂಪಾದಕರ ಉತ್ತರ: ‘ಲೇಡಿ’ ಎಂಬುದು ಬಿರುದೇ?

ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: ‘ವಿಕ್ಟೋರಿಯಾ ಕಾಲದಲ್ಲಿ ಸಿಂಹಾಸನದ ಮೇಲಿದ್ದವರೇ ಹೆಣ್ಣು. ಬ್ರಿಟನ್ನಿನ ಶ್ರೀಮಂತ ಮನೆತನಗಳ ಹೆಂಗಸರಿಗೆ ಬಿರುದುಗಳು ಧಾರಾಳವಾಗಿ ದೊರೆತಿರಬೇಕಲ್ಲವೇ? ಎಲ್ಲರೂ “ಲೇಡಿ”ಗಳೇ ಆಗಿದ್ದರಲ್ಲ!’

ಖಂಡಿತ ಇಲ್ಲ. ಆ ‘ಲೇಡಿ’ ಬರುತ್ತಿದ್ದುದು ತಂದೆಯಿಂದ ಅಥವಾ ಗಂಡನಿಂದ. ಡ್ಯೂಕ್, ಮಾರ್ಕ್ವಿಸ್ ಅಥವಾ ಅರ್ಲ್ ಎಂಬ ಮೇಲ್ದರ್ಜೆಯ ಪದವಿಯವನ ಮಗಳಾದರೆ ಅದು ಅವಳ ಸ್ವಂತ ಹೆಸರಿಗೆ ಅಂಟುತ್ತಿತ್ತು. ‘ಸರ್’ ಬಿರುದಿನ ನೈಟ್ ಒಬ್ಬನ ಹೆಂಡತಿಯಾದರೆ ಗಂಡನ ಮನೆತನದ ಹೆಸರಿಗೆ. ಅವಳು ಏನು ಸಾಧಿಸಿದಳೆಂದು ಯಾರೂ ಕೇಳುತ್ತಿರಲಿಲ್ಲ. 1868ರಲ್ಲಿ ಪ್ರಧಾನಿ ಡಿಸ್ರೇಲಿ, ತಾವೇ ಪದವಿ ಪಡೆದರೆ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ಹೋಗಬೇಕಾಗುತ್ತಿದ್ದುದರಿಂದ, ಕೆಳಮನೆಯಾದ ಕಾಮನ್ಸ್ ಸಭೆಯಲ್ಲೇ ಉಳಿಯಬಯಸಿ, ಹೆಂಡತಿ ಮೇರಿ ಆನ್ ಅವರಿಗೆ ಬೀಕನ್ಸ್‌ಫೀಲ್ಡ್ ವೈಕೌಂಟೆಸ್ ಪದವಿ ಕೊಡಿಸಿದರು. ಪದವಿ ಹೆಂಡತಿಯ ಹೆಸರಿಗೆ, ಮನ್ನಣೆ ಗಂಡನ ಸೇವೆಗೆ.

ಅದಕ್ಕೇ ಆಂಜೆಲಾ ಬರ್ಡೆಟ್-ಕೂಟ್ಸ್ ಅವರ ಬದುಕು ನನ್ನನ್ನು ಮತ್ತೆ ಮತ್ತೆ ಸೆಳೆಯುತ್ತದೆ. 1837ರಲ್ಲಿ ಕೂಟ್ಸ್ ಬ್ಯಾಂಕಿನ ಅಪಾರ ಆಸ್ತಿ ಕೈಸೇರಿದಾಗ ಅವರಿಗೆ 23 ವರ್ಷ. ಬೀದಿಪಾಲಾದ ಹೆಣ್ಣುಮಕ್ಕಳಿಗೆ ಆಶ್ರಯ, ಲಂಡನ್ನಿನ ಬಡಕೇರಿಗಳಲ್ಲಿ ಮನೆಗಳು, ಶಾಲೆಗಳು, ಚರ್ಚುಗಳು ಎಂದು ಆ ಹಣವನ್ನು ಜೀವಮಾನವಿಡೀ ಹಂಚಿದರು. 1871ರಲ್ಲಿ ರಾಣಿ ಅವರನ್ನು ಬ್ಯಾರನೆಸ್ ಮಾಡಿದಾಗ ಅವರಿನ್ನೂ ಅವಿವಾಹಿತೆ. ಯಾರ ಹೆಂಡತಿಯೆಂದೂ ಅಲ್ಲ, ತಾವು ಮಾಡಿದ ಕೆಲಸಕ್ಕಾಗಿ ಪಡೆದ ಪದವಿ ಅದು. ಮರುವರ್ಷ ಲಂಡನ್ ನಗರದ ಗೌರವ ಪೌರತ್ವ ಬಂತು. 1881ರಲ್ಲಿ ಅವರು ತಮಗಿಂತ ಬಹಳ ಕಿರಿಯನಾದ, ಅಮೆರಿಕದಲ್ಲಿ ಹುಟ್ಟಿದ ಕಾರ್ಯದರ್ಶಿಯನ್ನು ಮದುವೆಯಾದರು. ವಿದೇಶಿಯನ್ನು ವರಿಸಬಾರದೆಂದು, ಆಸ್ತಿ ಕೊಟ್ಟ ಉಯಿಲಿನಲ್ಲೇ ಇದ್ದುದರಿಂದ ಆದಾಯದ ಬಹುಪಾಲು ಕೈಬಿಟ್ಟಿತು. ಆ ಗಂಡ ಹೆಂಡತಿಯ ಮನೆತನದ ಹೆಸರನ್ನೇ ಇಟ್ಟುಕೊಂಡರೂ ಲಾರ್ಡ್ ಆಗಲಿಲ್ಲ. ಗಂಡನ ಪದವಿ ಹೆಂಡತಿಗೆ ಇಳಿಯುತ್ತಿತ್ತು, ಹೆಂಡತಿಯದು ಗಂಡನಿಗೆ ಏರುತ್ತಿರಲಿಲ್ಲ. ಇಷ್ಟಾಗಿಯೂ ಬ್ಯಾರನೆಸ್‌ಗೆ ಲಾರ್ಡ್ಸ್ ಸಭೆಯಲ್ಲಿ ಆಸನವಿರಲಿಲ್ಲ! ಆ ಸಭೆಯ ಬಾಗಿಲು ಹೆಂಗಸರಿಗೆ ತೆರೆದದ್ದು 1958ರಲ್ಲಿ. ವಂಶಪಾರಂಪರ್ಯ ಪದವಿಯವರಿಗೆ 1963ರಲ್ಲಿ.

ಹೆಂಗಸರಿಗೆಂದೇ ಇದ್ದ ಗೌರವಗಳು ಕೆಲವೇ. ದಾದಿಯರ ಸೇವೆಗೆ ಮೀಸಲಾದ ರಾಯಲ್ ರೆಡ್ ಕ್ರಾಸ್ 1883ರಲ್ಲಿ ಬಂತು. 1878ರ ‘ಆರ್ಡರ್ ಆಫ್ ದಿ ಕ್ರೌನ್ ಆಫ್ ಇಂಡಿಯಾ’ ರಾಜಕುಮಾರಿಯರಿಗೆ, ವೈಸ್‌ರಾಯ್‌ಗಳ ಪತ್ನಿಯರಿಗೆ, ಭಾರತದ ರಾಣಿಯರಿಗೆ ಸಲ್ಲುತ್ತಿತ್ತು. ಅದನ್ನು ಪಡೆದವರ ಹೆಸರಿನ ಕೊನೆಗೆ ‘ಸಿ.ಐ.’ ಎಂಬ ಎರಡಕ್ಷರ ಸೇರುತ್ತಿತ್ತು, ‘ಲೇಡಿ’ ಎಂಬ ಪದವಿ ಸೇರುತ್ತಿರಲಿಲ್ಲ. ನಿಮ್ಮ ಊರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನೊಂದಿಗೆ ಕಾಣುವ ಸಿ.ಐ. ಇದೇ. ವೈಸ್‌ರಾಯ್‌ಗಳ ಪತ್ನಿಯರಿಗೆ ಅದು ಗಂಡನ ಹುದ್ದೆಯ ಜೊತೆಗೆ ಬರುತ್ತಿತ್ತು. ವಾಣಿವಿಲಾಸರಾದರೋ 1894ರಲ್ಲಿ ಪತಿಯನ್ನು ಕಳೆದುಕೊಂಡ ಮೇಲೆ, ಮಗ ಪ್ರಾಪ್ತವಯಸ್ಕನಾಗುವ 1902ರವರೆಗೆ, ರೀಜೆಂಟರಾಗಿ ಮೈಸೂರನ್ನು ತಾವೇ ಆಳಿದರು.