‘ಗೊತ್ತಿರಲಿಲ್ಲ’ ಅಂದರೆ ಮುಗಿಯಿತಾ?

ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನಲ್ಲಿ ಅದರ ಸ್ಥಾಪಕ ಅಧ್ಯಕ್ಷ ರಾಮಲಿಂಗ ರಾಜು ಸುಳ್ಳು ಲೆಕ್ಕ ತೋರಿಸಿದ ಹಗರಣದ ಬಗ್ಗೆ ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: “ಸತ್ಯಂ ಹಗರಣದಲ್ಲಿ ತಪ್ಪು ಮಾಡಿದ್ದು ರಾಮಲಿಂಗ ರಾಜು. ಅವರೇ ಒಪ್ಪಿಕೊಂಡರು. ನಿರ್ದೇಶಕರಿಗೆ ಏನೂ ಗೊತ್ತಿರಲಿಲ್ಲ ಅಂತಲೂ ಹೇಳಿದರು. ನೀವು ನಿರ್ದೇಶಕರು, ಆಡಿಟರ್‌ಗಳನ್ನೂ ಯಾಕೆ ದೂರುತ್ತೀರಿ?”

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಗೊತ್ತಿಲ್ಲದವರನ್ನು ಜೈಲಿಗೆ ಹಾಕಿ ಅಂತ ನಾವೂ ಹೇಳುತ್ತಿಲ್ಲ. ಆದರೆ ಗೊತ್ತು ಮಾಡಿಕೊಳ್ಳುವುದಕ್ಕೇ ಫೀಸು ತೆಗೆದುಕೊಂಡವರು ಹಾಗೆ ಹೇಳಿದರೆ ಒಪ್ಪುವುದು ಕಷ್ಟ, ಅಲ್ವಾ?

ರಾಜು ತಪ್ಪೊಪ್ಪಿಕೊಂಡ 2009ರ ಜನವರಿ 7ರ ಪತ್ರವನ್ನೇ ನೋಡಿ. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕಿನ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. 2008ರ ಸೆಪ್ಟೆಂಬರ್‌ಗೆ ಮುಗಿದ ಮೂರು ತಿಂಗಳಲ್ಲಿ ವ್ಯವಹಾರದ ಲಾಭ 649 ಕೋಟಿ ಅಂದಿದ್ದರು. ನಿಜವಾದದ್ದು 61 ಕೋಟಿ. ಬ್ಯಾಂಕಿನಲ್ಲಿ ಹಣ ಇದೆಯೋ ಇಲ್ಲವೋ ತಿಳಿಯಲು ಪತ್ತೇದಾರ ಬೇಕಿಲ್ಲ. ಆಡಿಟರ್ ನೇರವಾಗಿ ಬ್ಯಾಂಕಿಗೇ ಬರೆದು, ಉತ್ತರ ತನ್ನ ಕೈಗೇ ಬರುವಂತೆ ನೋಡಿಕೊಂಡರೆ ಸಾಕು. ಕಂಪನಿಯವರು ತಂದುಕೊಟ್ಟ ಕಾಗದ ನಂಬುವುದು ಅಂದರೆ ಪರೀಕ್ಷೆ ಬರೆದ ಹುಡುಗನ ಕೈಲೇ ಮಾರ್ಕ್ಸ್ ಹಾಕಿಸಿದ ಹಾಗೆ.

ಇನ್ನು ನಿರ್ದೇಶಕರು. ಆ ಪತ್ರಕ್ಕೆ ಮೂರು ವಾರ ಮೊದಲು, ಡಿಸೆಂಬರ್ 16ರಂದು, ರಾಜು ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್‌ಗೆ ಕೊಳ್ಳಲು ಮಂಡಳಿ ಒಪ್ಪಿತು. ಸಾಫ್ಟ್‌ವೇರ್ ಕಂಪನಿಗೆ ರಿಯಲ್ ಎಸ್ಟೇಟ್ ಯಾಕೆ? ಅದೂ ಮಾಲೀಕರ ಮನೆಯವರದ್ದೇ? ಹಾರ್ವರ್ಡ್ ಪ್ರೊಫೆಸರ್, ನಿವೃತ್ತ ಸಂಪುಟ ಕಾರ್ಯದರ್ಶಿಯಂಥವರು ಇದ್ದ ಮಂಡಳಿ ಅದು. ಹೂಡಿಕೆದಾರರು ರೊಚ್ಚಿಗೆದ್ದರು, ವ್ಯವಹಾರ ಕೆಲವೇ ಗಂಟೆಗಳಲ್ಲಿ ಬಿದ್ದುಹೋಯಿತು. ಇಲ್ಲದ ಆಸ್ತಿಯ ಜಾಗದಲ್ಲಿ ಇರುವ ಆಸ್ತಿ ತುಂಬಿಸುವ ಕೊನೆಯ ಪ್ರಯತ್ನ ಅದಾಗಿತ್ತು ಅಂತ ರಾಜು ಅವರೇ ಆಮೇಲೆ ಬರೆದರು. ಷೇರುದಾರರಿಗೆ ತಕ್ಷಣ ಬಂದ ಅನುಮಾನ ಸಭೆಯಲ್ಲಿ ಕೂತವರಿಗೆ ಯಾಕೆ ಬರಲಿಲ್ಲ?

2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ 10 ಮಂದಿಗೆ 7 ವರ್ಷ ಶಿಕ್ಷೆ ಕೊಟ್ಟಿತು. ಅವರಲ್ಲಿ ಇಬ್ಬರು ಆಡಿಟರ್‌ಗಳು. ಮರುತಿಂಗಳೇ ಶಿಕ್ಷೆ ಅಮಾನತಾಗಿ ಜಾಮೀನೂ ಸಿಕ್ಕಿತು, ಆ ಮಾತು ಬೇರೆ.

ನಮಗೆ ಜಾಸ್ತಿ ಬೇಜಾರಾಗುವುದು ಇನ್ನೊಂದಕ್ಕೆ. ಅಮೆರಿಕದ ಮಾರುಕಟ್ಟೆಯಲ್ಲಿ ಸತ್ಯಂ ಷೇರು ಕೊಂಡವರು ಒಟ್ಟಾಗಿ ದಾವೆ ಹೂಡಿದರು. ರಾಜಿಯಲ್ಲಿ ಕಂಪನಿ 12.5 ಕೋಟಿ ಡಾಲರ್ ಕೊಡಬೇಕಾಯಿತು. ನಮ್ಮ ಸಣ್ಣ ಷೇರುದಾರರಿಗೆ ಕಂಪನಿ ಕಾನೂನಿನಲ್ಲಿ ಆಗ ಅಂಥ ದಾರಿಯೇ ಇರಲಿಲ್ಲ. 2013ರ ಕಂಪನಿ ಕಾಯ್ದೆ ಅದನ್ನು ಕೊಟ್ಟಿತು. ನಿಮ್ಮ ಪ್ರಶ್ನೆಗೂ ಅದರ 149ನೇ ಸೆಕ್ಷನ್‌ನಲ್ಲಿ ಉತ್ತರವಿದೆ: ಗೊತ್ತಿದ್ದೂ ಒಪ್ಪಿದಾಗ ಮಾತ್ರವಲ್ಲ, ಎಚ್ಚರದಿಂದ ಕೆಲಸ ಮಾಡದೆ ಇದ್ದಾಗಲೂ ಸ್ವತಂತ್ರ ನಿರ್ದೇಶಕ (ಅಂದರೆ ಮಾಲೀಕರ ಕಡೆಯವರಲ್ಲದ, ಹೊರಗಿನಿಂದ ಬಂದ ನಿರ್ದೇಶಕ) ಹೊಣೆಗಾರ.

— ಸಂ.