ಯುಗಾದಿ ದಿನ ಮಾತ್ರೆ ಬಿಟ್ಟೆ, ಮೂರನೇ ದಿನ ಮಂಡಿಯಲ್ಲಿ ಬಿದ್ದೆ

ಪ್ಯಾನಿಕ್ ಅಟ್ಯಾಕ್‌ಗೆ ಡಾಕ್ಟರ್ ಎರಡು ಮಾತ್ರೆ ಬರೆದಿದ್ದಾರೆ, ದಿನಾ ತಗೊಳ್ಳುವ ಎಸ್ಸಿಟಾಲೊಪ್ರಾಮ್ ಬೇಡ ಅನಿಸುತ್ತಿದೆ, ಅಲ್ಪ್ರಜೋಲಮ್ 0.25 ಮಿಲಿಗ್ರಾಂ ಮಾತ್ರ ಜೇಬಲ್ಲಿಟ್ಟುಕೊಂಡು ಅಟ್ಯಾಕ್ ಬಂದಾಗ ಒಂದು ಹಾಕಿಕೊಂಡರೆ ಚಟ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ. 2018ರಲ್ಲಿ ಇದೇ ಲೆಕ್ಕ ಹಾಕಿದವನು ನಾನು. ಲೆಕ್ಕ ಬರೆಯುವುದೇ ನನ್ನ ಕೆಲಸ, ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ. ಆದರೂ ತಪ್ಪಿತು.

ನನಗೆ ಮೊದಲ ಸಲ ಬಂದದ್ದು ಬಸ್ಸಲ್ಲಿ. ತುಮಕೂರಿನಿಂದ ವಾಪಸ್ ಬರುತ್ತಿದ್ದೆ, ಗುಬ್ಬಿ ದಾಟಿತ್ತು. ಏನೂ ಕಾರಣವಿಲ್ಲದೆ ಎದೆ ಡವಡವ ಅಂತ ಬಡಿದುಕೊಂಡಿತು, ಬೆರಳು ಜುಮ್ಮೆಂದವು, ಉಸಿರು ಒಳಗೆ ಹೋಗುತ್ತಲೇ ಇಲ್ಲ ಅನಿಸಿತು. ಸತ್ತೆ ಅಂದುಕೊಂಡೆ. ಕಂಡಕ್ಟರ್‌ಗೆ ಹೇಳಿ ನಿಟ್ಟೂರಲ್ಲಿ ಇಳಿದು ಕಟ್ಟೆ ಮೇಲೆ ಕೂತೆ. ಕಾಲು ಗಂಟೆಯಲ್ಲಿ ಎಲ್ಲಾ ಸರಿಹೋಯಿತು. ಆಮೇಲೆ ಎರಡು ತಿಂಗಳಲ್ಲಿ ಮೂರು ಇಸಿಜಿ, ಮೂರೂ ನಾರ್ಮಲ್. ಒಬ್ಬರು ಗ್ಯಾಸ್ಟ್ರಿಕ್ ಅಂದರು. ಅವ್ವ ದೃಷ್ಟಿ ತೆಗೆದಳು. ಕೊನೆಗೆ ತುಮಕೂರಿನ ಒಬ್ಬ ಮನೋವೈದ್ಯರು ಥೈರಾಯ್ಡ್ ಟೆಸ್ಟ್ ಮಾಡಿಸಿ, ಅದೂ ಸರಿಯಿದೆ ಅಂತ ನೋಡಿ, ಪ್ಯಾನಿಕ್ ಡಿಸಾರ್ಡರ್ ಅಂದರು. ನಿಮಗೆ ಬರೆದಿರುವ ಆ ಎರಡು ಮಾತ್ರೆಗಳನ್ನೇ ಬರೆದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಎಸ್ಸಿಟಾಲೊಪ್ರಾಮ್ ನಿಧಾನದ್ದು, ಹಿಡಿಯೋದಕ್ಕೆ ಕೆಲವು ವಾರ ಬೇಕು, ಮೊದಲ ಒಂದೆರಡು ವಾರ ಗಾಬರಿ ಸ್ವಲ್ಪ ಜಾಸ್ತಿಯೇ ಆಗಬಹುದು. ಅಲ್ಲಿಯವರೆಗೆ ದಾಟಿಸೋದಕ್ಕೆ ಅಲ್ಪ್ರಜೋಲಮ್, ಬೆಳಗ್ಗೆ ಒಂದು ರಾತ್ರಿ ಒಂದು, ಮೂರೇ ವಾರ, ಆಮೇಲೆ ಬಂದು ತೋರಿಸಿ ಅಂದರು. ನಾನು ಮಾಡಿದ್ದೇನು? ಎಸ್ಸಿಟಾಲೊಪ್ರಾಮ್ ವಾಕರಿಕೆ ತಂತು, ಒಂದು ವಾರಕ್ಕೆ ಬಿಟ್ಟೆ. ಅಲ್ಪ್ರಜೋಲಮ್ ಅರ್ಧ ಗಂಟೆಯಲ್ಲಿ ಹಾಯ್ ಅನಿಸುತ್ತಿತ್ತು, ಅದನ್ನು ಉಳಿಸಿಕೊಂಡೆ. ವಾಪಸ್ ಹೋಗಿ ತೋರಿಸಲಿಲ್ಲ. ವಾಸಿ ಮಾಡುವ ಮಾತ್ರೆ ಕಸಕ್ಕೆ, ಸಮಾಧಾನ ಮಾಡುವ ಮಾತ್ರೆ ಜೇಬಿಗೆ. ನೀವು ಈಗ ಮಾಡಬೇಕು ಅಂದುಕೊಂಡಿರುವುದೂ ಇದನ್ನೇ.

‘ಅಟ್ಯಾಕ್ ಬಂದಾಗ ಮಾತ್ರ’ ಅನ್ನುವ ಮಾತು ಕೇಳೋದಕ್ಕೆ ಬಹಳ ಜಾಣತನದ್ದು ಅನಿಸುತ್ತದೆ. ಆದರೆ ಗಡಿಯಾರ ಹಿಡಿದು ನೋಡಿ. ಅಟ್ಯಾಕ್ ಸುಮಾರು ಹತ್ತು ನಿಮಿಷದೊಳಗೆ ತುದಿಗೆ ಹೋಗುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಮಾತ್ರೆ ರಕ್ತಕ್ಕೆ ಸೇರಿ ಕೆಲಸ ಶುರು ಮಾಡುವ ಹೊತ್ತಿಗೆ ಅದು ಹೊರಟು ನಿಂತಿರುತ್ತದೆ. ನಿಟ್ಟೂರಿನ ಕಟ್ಟೆ ಮೇಲೆ ನನ್ನ ಹತ್ತಿರ ಯಾವ ಮಾತ್ರೆ ಇತ್ತು? ಆದರೆ ಪ್ರತಿ ಸಲ ಮಾತ್ರೆ ನುಂಗಿದಾಗ ಮನಸ್ಸು ಮಾತ್ರೆಗೇ ಹೆಸರು ಕೊಡುತ್ತದೆ. ಆಮೇಲೆ ಜೇಬು ಖಾಲಿ ಇದ್ದರೆ ಬಸ್ ಹತ್ತಲು ಆಗಲ್ಲ. ನಾನು ಅರ್ಧ ದಾರಿಯಿಂದ ಸ್ಕೂಟರ್ ತಿರುಗಿಸಿ ಮನೆಗೆ ಬಂದು ಸ್ಟ್ರಿಪ್ ತಗೊಂಡು ಹೋದ ದಿನಗಳಿವೆ. ಬಂದಾಗ ಒಂದು ಅಂತ ಶುರುವಾದದ್ದು, ಬರಬಹುದು ಅಂತ ಒಂದು, ಬರದೇ ಇರಲಿ ಅಂತ ಒಂದು ಆಯಿತು. ಹದಿನಾಲ್ಕು ತಿಂಗಳಿಗೆ 0.5ರದ್ದು ದಿನಕ್ಕೆ ಮೂರಕ್ಕೆ ಬಂದು ನಿಂತಿದ್ದೆ.

ಹೇಗೆ ಸಿಗುತ್ತಿತ್ತು ಅಂತ ಕೇಳಬಹುದು. ಅಲ್ಪ್ರಜೋಲಮ್ ಶೆಡ್ಯೂಲ್ ಎಚ್1 ಅನ್ನುವ ಬಿಗಿ ನಿಯಮದ ಪಟ್ಟಿಯಲ್ಲಿ ಇರುವ ಔಷಧ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ, ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. 2014ರಿಂದ ಈ ಕಾನೂನಿದೆ. ಸ್ಟ್ರಿಪ್ ಮೇಲಿನ ಕೆಂಪು ‘ಎನ್‌ಆರ್‌ಎಕ್ಸ್’ ಗುರುತು, ಇದು ಮಾದಕ ವಸ್ತುಗಳ ಕಾನೂನಿಗೂ ಒಳಪಟ್ಟದ್ದು ಅನ್ನೋದಕ್ಕೆ. ಆದರೆ ಪರಿಚಯದ ಮೆಡಿಕಲ್ ಶಾಪ್ ಒಂದಿತ್ತು, ಮೊಬೈಲಲ್ಲಿ ಹಳೇ ಚೀಟಿಯ ಫೋಟೋ ತೋರಿಸಿದರೆ ಆಗುತ್ತಿತ್ತು. ಕೊನೆಕೊನೆಗೆ ಫೋಟೋನೂ ಕೇಳುತ್ತಿರಲಿಲ್ಲ. ಆಗ ಅವರನ್ನು ದೇವರು ಅಂದುಕೊಂಡಿದ್ದೆ.

ಈಗ ತಪ್ಪಿನ ವಿಷಯ. ಇಷ್ಟೂ ಹೊತ್ತು ಹೇಳಿದ್ದೇ ತಪ್ಪು ಅಂತ ನಿಮಗೆ ಅನಿಸಿರಬಹುದು. ಅವೆಲ್ಲಾ ಎಡವಟ್ಟುಗಳು, ಸರಿಮಾಡಬಹುದಿತ್ತು. ನನ್ನನ್ನು ನೆಲಕ್ಕೆ ಕೆಡವಿದ್ದು ಬೇರೆ.

2019ರ ಯುಗಾದಿ. ಹಿಂದಿನ ದಿನ ಮನೆಗೆ ಬಂದ ಸೋದರಮಾವ ನನ್ನ ಶರ್ಟಿನ ಜೇಬಿಂದ ಬಿದ್ದ ಸ್ಟ್ರಿಪ್ ಎತ್ತಿಕೊಂಡು, ಕನ್ನಡಕ ಏರಿಸಿ ಓದಿ, ‘ಏನ್ಲಾ, ನಿದ್ದೆ ಮಾತ್ರೆ ತಿಂತೀಯಾ? ನಿಮ್ಹಾನ್ಸ್‌ಗೆ ಸೇರಿಸ್ಬೇಕಾ?’ ಅಂದರು. ತಮಾಷೆಗೇ ಅಂದದ್ದು. ನಡುಮನೆಯಲ್ಲಿ ಎಲ್ಲರೂ ಇದ್ದರು. ನನಗೆ ರೋಷ ಬಂತು. ಬೆಳಗ್ಗೆ ಎಣ್ಣೆನೀರು ಹಾಕಿಕೊಂಡು, ಬೇವು ಬೆಲ್ಲ ತಿಂದು, ಉಳಿದ ಹದಿಮೂರು ಮಾತ್ರೆ ಬಚ್ಚಲಿಗೆ ಸುರಿದೆ. ಹೊಸ ವರ್ಷ, ಇವತ್ತಿಗೆ ಬಿಟ್ಟೆ. ಗಂಡಸಾದವನು ಹೀಗೇ ಅಲ್ವಾ ಬಿಡಬೇಕು, ಬೀಡಿ ಬಿಟ್ಟ ಹಾಗೆ.

ಆ ದಿನ ಏನೂ ಆಗಲಿಲ್ಲ. ರಾತ್ರಿ ಮಾತ್ರ ಕಣ್ಣು ಮುಚ್ಚಲಿಲ್ಲ. ಮಾರನೇ ದಿನ ಹೊಸತೊಡಕು. ಮನೆ ತುಂಬ ಮಸಾಲೆ ವಾಸನೆ, ನನಗೆ ಅದು ಹೊಡೆದ ಹಾಗೆ ಅನಿಸುತ್ತಿತ್ತು. ಕುಕ್ಕರ್ ವಿಷಲ್‌ಗೆ ಮೈಯೆಲ್ಲಾ ನಡುಗಿತು. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಇಸ್ಪೀಟ್ ಎಲೆ ಹಿಡಿದರೆ ಕೈ ಅದುರುತ್ತಿತ್ತು, ಎಲ್ಲರೂ ನಕ್ಕರು. ಕಾಯಿಲೆ ವಾಪಸ್ ಬಂತು ಅಂದುಕೊಂಡೆ. ಅದು ಕಾಯಿಲೆಯಲ್ಲ. ಪ್ಯಾನಿಕ್‌ನಲ್ಲಿ ನನಗೆ ಯಾವತ್ತೂ ಕುಕ್ಕರ್ ಶಬ್ದ ಹೀಗೆ ಬಡಿದಿರಲಿಲ್ಲ, ಬೆಳಕು ಚುಚ್ಚಿರಲಿಲ್ಲ. ಹಳೇ ಕಾಯಿಲೆಯಲ್ಲಿ ಇಲ್ಲದ ಹೊಸ ತೊಂದರೆ ಕಾಣಿಸಿಕೊಂಡರೆ ಮಾತ್ರೆ ಬಿಟ್ಟದ್ದರ ಮೇಲೆ ಅನುಮಾನ ಹೋಗಬೇಕು. ನನಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ, ನಾನು ಯಾರಿಗೂ ಏನೂ ಹೇಳಿರಲೂ ಇಲ್ಲ.

ಮೂರನೇ ದಿನ ಮಂಡಿಗೆ ಹೋದೆ. ತೂಕದ ಯಂತ್ರದ ಪಕ್ಕ ನಿಂತು ಚೀಲದ ಲೆಕ್ಕ ಬರೆಯುತ್ತಿದ್ದದ್ದು ನೆನಪಿದೆ. ಆಮೇಲಿನದ್ದು ಬೇರೆಯವರು ಹೇಳಿದ್ದು. ಕೊಬ್ಬರಿ ರಾಶಿ ಮೇಲೆ ಬಿದ್ದು ಫಿಟ್ಸ್ ಬಂತಂತೆ. ಹಮಾಲಿಗಳು ಕೈಗೆ ಬೀಗದ ಕೈ ಗೊಂಚಲು ಕೊಟ್ಟು ಮುಷ್ಟಿ ಬಿಗಿ ಹಿಡಿದಿದ್ದಾರೆ. (ಕಬ್ಬಿಣದಿಂದ ಏನೂ ಆಗಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಅಷ್ಟೇ.) ನಾಲಿಗೆ ಕಚ್ಚಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನ ಹೆಂಡತಿಯನ್ನು ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರಾ ಅಂತ ಕೇಳಿದ್ದಾರೆ. ನಿಜವಾಗಿ ಎಷ್ಟು ತಿನ್ನುತ್ತಿದ್ದೆ ಅಂತ ಅವಳಿಗೂ ಗೊತ್ತಿರಲಿಲ್ಲ, ‘ಯಾವಾಗ್ಲೋ ಒಂದು’ ಅಂದಿದ್ದಾಳೆ. ತಲೆ ಸ್ಕ್ಯಾನ್ ಆಯಿತು, ಮೆದುಳಿನ ಅಲೆ ನೋಡುವ ಇಇಜಿ ಆಯಿತು. ಮೂರ್ಛೆ ರೋಗ ಅಂತ ವರ್ಷಗಟ್ಟಲೆ ಮಾತ್ರೆ ಶುರುವಾಗುವುದರಲ್ಲಿತ್ತು. ಸಂಜೆ ಅವಳು ಸ್ಕೂಟರ್ ಡಿಕ್ಕಿ ತೆಗೆದು, ಅದರಲ್ಲಿದ್ದ ಖಾಲಿ ಸ್ಟ್ರಿಪ್‌ಗಳನ್ನೆಲ್ಲಾ ಒಂದು ಕವರ್‌ಗೆ ಹಾಕಿ ತಂದು ಡಾಕ್ಟರ ಮೇಜಿನ ಮೇಲೆ ಸುರಿದಳು. ನನ್ನ ಕಡೆ ತಿರುಗಿ, ‘ಏನ್ರೀ ಇದು?’ ಅಂದಳು, ಅಷ್ಟೇ.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದ್ದನ್ನು ನಮ್ಮ ಮಂಡಿಯ ಭಾಷೆಗೆ ತಂದು ಹೇಳುತ್ತೇನೆ. ಮೆದುಳಿಗೆ ತನ್ನದೇ ಒಬ್ಬ ಹಮಾಲಿ ಇದ್ದಾನೆ, ಗಾಬಾ ಅಂತ ಅವನ ಹೆಸರು. ನರಗಳ ಗದ್ದಲ ತಗ್ಗಿಸುವುದು ಅವನ ಕೆಲಸ. ಈ ಮಾತ್ರೆ ಅವನ ಜೊತೆಗೆ ಕೈ ಹಾಕುವ ಬಾಡಿಗೆ ಆಳು. ನಾಲ್ಕು ದಿನಕ್ಕೆ ಬಂದರೆ ಉಪಕಾರ. ತಿಂಗಳುಗಟ್ಟಲೆ ಇದ್ದರೆ ಮನೆಯ ಹಮಾಲಿ ಕೂತು ಕೂತು ಸೊರಗುತ್ತಾನೆ. ಅದಕ್ಕೇ ಮಾತ್ರೆ ಜಾಸ್ತಿ ಬೇಕಾಗುತ್ತಾ ಹೋಗುವುದು. ಒಂದು ಬೆಳಗ್ಗೆ ಬಾಡಿಗೆ ಆಳನ್ನು ಓಡಿಸಿಬಿಟ್ಟರೆ, ಚೀಲ ಯಾರ ಮೇಲೆ ಬೀಳಬೇಕು? ಅದರಲ್ಲೂ ಅಲ್ಪ್ರಜೋಲಮ್ ಬೇಗ ಖಾಲಿಯಾಗುವ ಔಷಧ. ಸುಮಾರು ಹನ್ನೊಂದು ಗಂಟೆ ಕಳೆದರೆ ದೇಹದಲ್ಲಿ ಅರ್ಧ ಉಳಿದಿರುತ್ತದೆ, ಇನ್ನೂ ಹನ್ನೊಂದು ಗಂಟೆ ಕಳೆದರೆ ಕಾಲು. ಎರಡು ದಿನಕ್ಕೆ ಹೆಚ್ಚು ಕಡಿಮೆ ಏನೂ ಉಳಿದಿರಲ್ಲ. ನಾನು ಬಿದ್ದದ್ದು ಸರಿಯಾಗಿ ಆ ಲೆಕ್ಕಕ್ಕೇ. ಬೀಡಿ ಬಿಟ್ಟರೆ ಸಿಟ್ಟು ಬರುತ್ತದೆ, ತಲೆನೋವು ಬರುತ್ತದೆ. ಇದನ್ನು ಬಿಟ್ಟರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಮರುವರ್ಷ, 2020ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಲ್ಪ್ರಜೋಲಮ್ ಸೇರಿದ ಬೆಂಜೊಡಯಜೆಪಿನ್ ಗುಂಪಿನ ಮಾತ್ರೆಗಳೆಲ್ಲದರ ಮಾಹಿತಿ ಚೀಟಿಯಲ್ಲೂ ಇದೇ ಎಚ್ಚರಿಕೆಯನ್ನು ಕಪ್ಪು ಚೌಕದೊಳಗೆ ಹಾಕಿಸಿತು. ಓದಿದಾಗ ನನಗೇ ಬರೆದ ಹಾಗಿತ್ತು.

ಹಾಗಾಗಿ ‘ಚಟ ಆಗುತ್ತಾ’ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಚಟ ಬೇರೆ, ಮೈಗೆ ರೂಢಿಯಾಗುವುದು ಬೇರೆ. ಡಾಕ್ಟರ್ ಹೇಳಿದ ಹಾಗೇ ದಿನಾ ತಗೊಂಡವರಿಗೂ ಕೆಲವು ವಾರಗಳಲ್ಲಿ ರೂಢಿಯಾಗಬಹುದು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನೀವು ಕೇಳಬೇಕಾದದ್ದು, ಅದೂ ಮೊದಲ ದಿನವೇ: ಡಾಕ್ಟ್ರೇ, ಇದನ್ನು ಯಾವ ತಾರೀಖಿಗೆ ಇಳಿಸೋದಕ್ಕೆ ಶುರು ಮಾಡೋದು? ಎಷ್ಟೆಷ್ಟು ಇಳಿಸೋದು? ಉತ್ತರ ಸಿಗದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಇದನ್ನು ಸುಮ್ನೆ ಹೇಳುತ್ತಿಲ್ಲ.

ನನಗೆ ಇಳಿಸೋದಕ್ಕೆ ಏಳು ತಿಂಗಳು ಹಿಡಿಯಿತು. ಮೊದಲು ಕ್ಲೋನಾಜೆಪಾಮ್‌ಗೆ ಬದಲಾಯಿಸಿದರು. ಅದು ಅದೇ ಜಾತಿಯದ್ದು, ಆದರೆ ದೇಹದಲ್ಲಿ ಅರ್ಧ ಆಗೋದಕ್ಕೆ ಮೂವತ್ತು ನಲವತ್ತು ಗಂಟೆ ಬೇಕು, ಇಳಿಜಾರು ನಿಧಾನ. ಆಮೇಲೆ ಎರಡೆರಡು ವಾರಕ್ಕೆ ಒಂದೊಂದು ಚೂರು ಕಡಿಮೆ. ಕಷ್ಟ ಆದಾಗ ಅಲ್ಲೇ ನಿಲ್ಲಿಸಿದರು, ಮತ್ತೆ ಮೇಲೆ ಹತ್ತಿಸಲಿಲ್ಲ. ಮೊದಲ ಅರ್ಧ ಸಲೀಸು, ಕೊನೆಯ 0.25 ಪ್ರಾಣ ತಿಂತು. ಎಷ್ಟೆಷ್ಟು ಅಂತ ನನ್ನ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅದನ್ನೇ ಮನೆಯಲ್ಲಿ ಮಾಡುತ್ತಾರೆ. ಫಿಟ್ಸ್ ಬಂದದ್ದರಿಂದ ಕೆಲವು ತಿಂಗಳು ಸ್ಕೂಟರ್ ಮುಟ್ಟಬೇಡ ಅಂದರು, ಹೆಂಡತಿ ಹಿಂದೆ ಕೂತು ಮಂಡಿಗೆ ಹೋದೆ. ಸೋದರಮಾವ ಅದಕ್ಕೂ ನಕ್ಕರು, ನಗಲಿ.

ಜೊತೆಗೆ ಎಸ್ಸಿಟಾಲೊಪ್ರಾಮ್ ಮತ್ತೆ ಶುರು, ಈ ಸಲ 5 ಮಿಲಿಗ್ರಾಂನಿಂದ. ವಾಕರಿಕೆ ಬಂತು, ಹತ್ತು ದಿನಕ್ಕೆ ಹೋಯಿತು. ಐದನೇ ವಾರಕ್ಕೆ ಒಂದು ದಿನ ಸಂಜೆ, ಅರೆ, ಇವತ್ತು ಎದೆ ಕಡೆ ಗಮನವೇ ಹೋಗಲಿಲ್ಲ ಅಂತ ನೆನಪಾಯಿತು. ಹೀಗೇ ಬರುತ್ತದೆ ಅದು, ಸದ್ದಿಲ್ಲದೆ. ಅದನ್ನೂ ಒಂದೇ ದಿನಕ್ಕೆ ಬಿಡುವ ಹಾಗಿಲ್ಲ, ತಲೆಸುತ್ತು ಬರುತ್ತದೆ.

ಇನ್ನೊಂದು ಕೆಲಸ ಕೊಟ್ಟರು, ಅದು ಮಾತ್ರೆಗಿಂತ ಜಾಸ್ತಿ ಉಪಕಾರ ಮಾಡಿತು ಅಂತ ನನ್ನ ಅನಿಸಿಕೆ. ಸಿಬಿಟಿ ಅನ್ನುವ, ಮಾತು ಮತ್ತು ಅಭ್ಯಾಸದಿಂದ ಮಾಡುವ ಚಿಕಿತ್ಸೆಯ ಭಾಗ ಅದು. ಅಟ್ಯಾಕ್‌ನಲ್ಲಿ ಆಗುವುದನ್ನೆಲ್ಲಾ ಬೇಕಂತಲೇ ಮೈಗೆ ಬರಿಸಿಕೊಂಡು, ಓಡಿಹೋಗದೆ ಕೂರುವುದು. ಮೆಟ್ಟಿಲು ಹತ್ತಿ ಇಳಿದು ಎದೆ ಬಡಿಸಿಕೊಳ್ಳುವುದು, ನಿಂತಲ್ಲೇ ಗಿರಗಿರ ತಿರುಗುವುದು, ಮೂಗು ಹಿಡಿದು ಸ್ಟ್ರಾದಲ್ಲಿ ಒಂದು ನಿಮಿಷ ಉಸಿರಾಡುವುದು. ಸ್ಟ್ರಾಗೆ ನಮ್ಮೂರಲ್ಲಿ ಬರವೇ, ಎಳನೀರು ಅಂಗಡಿಯಿಂದ ಒಂದು ಹಿಡಿ ತಂದಿದ್ದೆ. ಮೊದಲ ದಿನ ಹದಿನೈದು ಸೆಕೆಂಡ್‌ಗೆ ಕಿತ್ತೆಸೆದೆ. ಮೂರನೇ ವಾರಕ್ಕೆ ಬೇಜಾರಾಗತೊಡಗಿತು. ಬೇಜಾರಾಗುವುದೇ ಗೆಲುವು ಅಂದರು. ಮಾತ್ರೆ ನುಂಗಿ ಮಂಕಾಗಿ ಕೂತು ಇದನ್ನು ಮಾಡಿದರೆ ಮೆದುಳು ಪಾಠ ಕಲಿಯುವುದಿಲ್ಲವಂತೆ. ಜೇಬಿನ ಸ್ಟ್ರಿಪ್ ಬೇಡ ಅನ್ನಲು ಇನ್ನೊಂದು ಕಾರಣ.

ಕುಡಿಯುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಬೀಗರ ಊಟದಲ್ಲಿ ಮಾತ್ರೆ ಮೇಲೆ ಎರಡು ಪೆಗ್ ಹಾಕಿದ್ದೆ. ಮನೆಗೆ ಹೇಗೆ ಬಂದೆ ಅಂತ ಇವತ್ತಿಗೂ ಗೊತ್ತಿಲ್ಲ. ಎರಡೂ ಸೇರಿದರೆ ಉಸಿರೇ ನಿಧಾನವಾಗಿ ನಿಂತುಹೋಗಬಹುದು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ಇವೂ ಅದೇ ಸಾಲಿನವು. ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಅಲ್ಪ್ರಜೋಲಮ್ ಅನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸಿ ಅಮಲು ಜಾಸ್ತಿ ಮಾಡುತ್ತದೆ. ಹಾಗಾಗಿ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನವರೇ ಆಗಲಿ ಚರ್ಮದವರೇ ಆಗಲಿ, ಇದನ್ನು ತಗೊಳ್ಳುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಿ.

ಈಗಾಗಲೇ ಒಂದೆರಡು ತಿಂಗಳಿಂದ ದಿನಾ ತಗೊಳ್ಳುತ್ತಿದ್ದು, ಇದನ್ನು ಓದಿ ಹೆದರಿ ಇವತ್ತೇ ಬಿಡೋಣ ಅಂದುಕೊಂಡಿದ್ದರೆ, ದಯವಿಟ್ಟು ಬಿಡಬೇಡಿ. ಇವತ್ತೂ ಅಷ್ಟೇ ತಗೊಂಡು ನಾಳೆ ಡಾಕ್ಟರ ಹತ್ತಿರ ಹೋಗಿ. ಡಾಕ್ಟರ್ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಎಷ್ಟು ತಗೊಳ್ಳುತ್ತೀರಿ ಅಂತ ಗೊತ್ತಿರಲಿ. ನನ್ನ ಮನೆಯಲ್ಲಿ ಈಗ ಸ್ಟ್ರಿಪ್ ಇರುವುದು ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿ ಪಕ್ಕ. ಅದು ಎಸ್ಸಿಟಾಲೊಪ್ರಾಮ್‌ದು. ನಿಮ್ಮದನ್ನೂ ಇವತ್ತು ರಾತ್ರಿ ಊಟ ಆದ ಮೇಲೆ ತಗೊಳ್ಳಿ, ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಜಾಸ್ತಿ.